ಮುದಿ ಗಂಡು ಗಿನಿಪಿಗ್‌ನ ಹೊಟ್ಟೆಯ ವಿಚಾರ

ಸಿದ್ದಕಟ್ಟೆಯ ಒಂದು ಮನೆಯ ಜಗಲಿಯಲ್ಲಿ ಕಂಡದ್ದನ್ನು ಹೇಳಿದರೆ ಹಲವರು ಮೊದಲು ಮುಖ ಸಿಂಡರಿಸುತ್ತಾರೆ, ಆಮೇಲೆ ಕಿವಿಗೊಡುತ್ತಾರೆ. ಆರು ವರ್ಷ ದಾಟಿದ ಗಂಡು ಗಿನಿಪಿಗ್ ಅದು. ಮನೆಯಾಕೆ ತೊಡೆಯ ಮೇಲೆ ಕೂರಿಸಿಕೊಂಡು, ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಅದರ ಗುದದ ಸುತ್ತ ನೆನೆಸಿದರು. ಚೂರು ತೆಂಗಿನೆಣ್ಣೆ ಸವರಿ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಅಡಿಕೆಯಷ್ಟು ದೊಡ್ಡ ಮೆತ್ತನೆಯ ಮುದ್ದೆ ಹೊರಬಂತು. "ದಿನಾ ಇದೊಂದು ಕೆಲಸ ಮಾರಾಯ್ರೆ. ಬಿಟ್ಟರೆ ತಿನ್ನುವುದನ್ನೇ ಬಿಡ್ತದೆ" ಎಂದರು. ಪ್ರಾಣಿ ಆಗಲೇ ಗರಿಕೆಗೆ ಬಾಯಿ ಹಾಕಿತ್ತು.

ಗಿನಿಪಿಗ್ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿಯಾದದ್ದು ಕಸ. ಮೆತ್ತನೆಯದ್ದು ಆಹಾರ! ಹುಲ್ಲಿನ ನಾರು ಅಂಧಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ, ಬಿ ಜೀವಸತ್ವ ತುಂಬಿಕೊಂಡು ಬರುತ್ತದೆ. ಪ್ರಾಣಿ ಬಗ್ಗಿ ಅದನ್ನು ನೇರ ಬಾಯಿಗೆ ತೆಗೆದುಕೊಂಡು ಮತ್ತೊಮ್ಮೆ ಜೀರ್ಣಿಸುತ್ತದೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಹೇಸಿಗೆ ಎನ್ನಲು ನನಗೆ ಮನಸ್ಸಿಲ್ಲ. ವಯಸ್ಸಾದ ಗಂಡಿನಲ್ಲಿ ಗುದದ ಸ್ನಾಯು ಸಡಿಲವಾಗಿ, ಅಲ್ಲಿನ ಚರ್ಮದ ಚೀಲದಲ್ಲಿ ಈ ಮೆತ್ತನೆಯದ್ದೇ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಹಿಕ್ಕೆ ಬೀಳುತ್ತಲೇ ಇರುವುದರಿಂದ ಮನೆಯವರಿಗೆ ಸಂಶಯ ಬರುವುದಿಲ್ಲ. ವಾಸನೆ ಬಂದಾಗಲೇ ಗೊತ್ತಾಗುವುದು.

ಆಂಡೀಸ್ ಪರ್ವತದ ಜನ ಸಾವಿರಾರು ವರ್ಷ ಹಿಂದೆ ಸಾಕಿದ ಈ ಜೀವಿ 16ನೇ ಶತಮಾನದಲ್ಲಿ ಯುರೋಪ್ ಸೇರಿತು. ನಮ್ಮಂತೆ ಇದರ ದೇಹವೂ ಸಿ ಜೀವಸತ್ವ ತಯಾರಿಸದು. 1907ರಲ್ಲಿ ನಾರ್ವೆಯ ವಿಜ್ಞಾನಿಗಳಾದ ಹೋಲ್ಸ್ಟ್, ಫ್ರೋಲಿಕ್ ಈ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿಯನ್ನು ಅಭ್ಯಸಿಸಿದ್ದು ಇದರಲ್ಲೇ. ಪೇರಳೆ, ದೊಣ್ಣೆಮೆಣಸು ದಿನಾ ತುಸು ಕೊಟ್ಟರೆ ಈ ಕೊರತೆ ನೀಗುತ್ತದೆ.

ಕಷ್ಟವಿರುವುದು ಹುಲ್ಲಿನದ್ದು. ಊಟದ ಬಹುಪಾಲು ಹುಲ್ಲೇ ಆಗಬೇಕು. ಹಲ್ಲು ಸವೆಯಲಿಕ್ಕೂ ಕರುಳು ಚಲಿಸಲಿಕ್ಕೂ ಅದೇ ಆಧಾರ. ಬಂಟ್ವಾಳ, ಬೆಳ್ತಂಗಡಿಯ ಹಟ್ಟಿಗಳಲ್ಲಿ ಸಿಗುವ ಬೈಹುಲ್ಲಿನಲ್ಲಿ ಸತ್ವ ಕಡಿಮೆ. ಆಟಿ ತಿಂಗಳ ಮಳೆಯಲ್ಲಿ ಅದಕ್ಕೆ ಬೂಸ್ಟು ಹಿಡಿದರಂತೂ ಕೊಡಲೇಬಾರದು. ಹಸಿ ಹುಲ್ಲನ್ನು ನೀರು ಆರಿಸಿ ಕೊಡಿ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಬೆಳೆದ ಗಂಡು ಸಾಮಾನ್ಯವಾಗಿ 900ರಿಂದ 1200 ಗ್ರಾಂ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಇಳಿದರೆ ಏನೋ ಕೆಟ್ಟಿದೆ. ಹಿಕ್ಕೆ ಸಣ್ಣದಾಗುವುದು, ಗಲ್ಲ ಜೊಲ್ಲಿನಿಂದ ಒದ್ದೆಯಾಗುವುದು, ಮುದುಡಿ ಕೂರುವುದು ಇವೆಲ್ಲ ಸೂಚನೆಗಳು. ಅರ್ಧ ದಿನ ಏನೂ ತಿನ್ನದಿದ್ದರೆ ನಾಳೆ ನೋಡೋಣ ಎನ್ನಬೇಡಿ. ಇದಕ್ಕೆ ವಾಂತಿ ಮಾಡಲು ಬಾರದು. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ಸಿರಿಂಜಿನಲ್ಲಿ ತಿನ್ನಿಸದೆ ನೇರ ಪಶುವೈದ್ಯರಲ್ಲಿಗೆ ಒಯ್ಯಿರಿ. ನಮ್ಮ ತಾಲೂಕುಗಳ ಪಶುವೈದ್ಯರಿಗೆ ದನ, ನಾಯಿಗಳದ್ದೇ ಹೆಚ್ಚು ಅಭ್ಯಾಸ, ಹಾಗಾಗಿ ಗಿನಿಪಿಗ್ ಎಂದು ಮೊದಲೇ ಫೋನಿನಲ್ಲಿ ತಿಳಿಸಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಅರೆದು ಕುಡಿಸುವವರಿದ್ದಾರೆ. ಅದು ಅಂಧಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಜಾಗ ಖಾಲಿಯಾದಲ್ಲಿ ವಿಷಕಾರಿ ಕ್ಲಾಸ್ಟ್ರಿಡಿಯಂ ಹಬ್ಬುತ್ತದೆ, ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು.