ಹೀರೋ-ಹೀರೋಯಿನ್‌ಗೆ ಮಾತ್ರವೇ ದ್ವೀಪ? ಅಪ್ಪ-ಅಮ್ಮನಿಗಿಲ್ಲವೇ?

ಪರದೆಯ ಮೇಲೆ ದ್ವೀಪ ಕಾಣಿಸಿತೆಂದರೆ ಮುಂದೇನು ಅಂತ ನಮಗೆಲ್ಲ ಗೊತ್ತು. ನೀಲಿ ಸಮುದ್ರ, ಬಿಳಿ ಮರಳು, ಬಾಗಿದ ತೆಂಗಿನಮರ... ಹಾಡು ಶುರು! ಗಾಂಧಿಕ್ಲಾಸಿನಿಂದ ಶಿಳ್ಳೆಯೂ ಶುರು!

೧೯೭೮ರಲ್ಲಿ ವಿಷ್ಣುವರ್ಧನ್-ದ್ವಾರಕೀಶ್ ಜೋಡಿ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ ಚಿತ್ರಕ್ಕಾಗಿ ವಿಮಾನ ಹತ್ತಿತು. ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರ ಅದು. ಸಿಂಗಾಪುರವೂ ಒಂದು ದ್ವೀಪವೇ ತಾನೇ! ೧೯೯೮ರಲ್ಲಿ ಶಿವಣ್ಣ ಮಗಳು ನಿವೇದಿತಾಳ ಜೊತೆ ‘ಅಂಡಮಾನ್’ ಚಿತ್ರದಲ್ಲಿ ನಟಿಸಿದರು. ೨೦೨೨ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ನಮ್ಮ ಅಪ್ಪು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ನೀರಿಗಿಳಿದು ಮೀನುಗಳ ನಡುವೆ ಈಜಿದ್ದನ್ನು ನೋಡಿ ಕಣ್ಣೊರೆಸಿಕೊಳ್ಳದವರು ಯಾರು?

ಹೀರೋ ಹೋದ, ಹೀರೋಯಿನ್ ಹೋದಳು, ಮಗುವೂ ಹೋಯಿತು. ಆದರೆ ಮಂಡಿನೋವಿನ ಅಪ್ಪನನ್ನೋ, ಬಿ.ಪಿ. ಮಾತ್ರೆಯ ಅಮ್ಮನನ್ನೋ ದ್ವೀಪಕ್ಕೆ ಕರೆದುಕೊಂಡು ಹೋದ ಹೀರೋನನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಅದಕ್ಕೇ ಈ ಕಥೆ. ಇದರಲ್ಲಿ ಫೈಟಿಂಗ್ ಇಲ್ಲ, ಡ್ಯುಯೆಟ್ ಇಲ್ಲ. ಆದರೂ ಕೊನೆವರೆಗೂ ಕೂತು ನೋಡಿ!

ಒಂದು ಹಳೇ ಮಾತು

ನಮ್ಮದು ಕೊಡಗಿನ ಸಿದ್ದಾಪುರ. ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಮೂವತ್ತೈದು ವರ್ಷ ಏರು-ಇಳಿಜಾರಿನಲ್ಲಿ ನಡೆದೂ ನಡೆದೂ ಎರಡೂ ಮಂಡಿ ಸವೆದಿವೆ. ಈಗ ೭೩. ಅಮ್ಮನಿಗೆ ೬೭.

ಮದುವೆಯಾದ ಹೊಸತರಲ್ಲಿ ಇಬ್ಬರೂ ‘ರಾಜಾಕುಳ್ಳ’ ನೋಡಿ ಬಂದಿದ್ದರಂತೆ. ಬರುವಾಗ ಅಪ್ಪ, “ನಿನ್ನನ್ನೂ ಒಂದು ದಿನ ದ್ವೀಪಕ್ಕೆ ಕರ್ಕೊಂಡು ಹೋಗ್ತೇನೆ” ಅಂದಿದ್ದರಂತೆ. ಸಿನಿಮಾ ನೋಡಿ ಬಂದ ಗಂಡಸರೆಲ್ಲ ಆಡುವ ಮಾತೇ ಅದು! ಆಮೇಲೆ ನಾವು ಹುಟ್ಟಿದೆವು, ಫೀಸು ಬಂತು, ತಂಗಿಯ ಮದುವೆ ಬಂತು. ದ್ವೀಪ ಅಲ್ಲೇ ಉಳಿಯಿತು. ಅಮ್ಮ ಮಾತ್ರ ಟೀವಿಯಲ್ಲಿ ಸಮುದ್ರ ಕಂಡಾಗಲೆಲ್ಲ, “ನಿಮ್ಮಪ್ಪನ ದ್ವೀಪ ಬಂತು ನೋಡು” ಅಂತ ತಮಾಷೆ ಮಾಡುತ್ತಿದ್ದರು.

ನನ್ನ ಗೆಳೆಯನೊಬ್ಬ “ಬರೋ ವರ್ಷ, ಬರೋ ವರ್ಷ” ಅನ್ನುತ್ತಲೇ ಇದ್ದ. ಈಗ ಅವನ ಅಪ್ಪನ ಫೋಟೋಗೆ ಹಾರ ಬಿದ್ದಿದೆ. ಅದನ್ನು ನೋಡಿ ಬಂದ ದಿನವೇ ನಾನು ನಿರ್ಧರಿಸಿದೆ: ಅಪ್ಪನ ಮಾತನ್ನು ನಾನು ಉಳಿಸಬೇಕು!

ಮೊದಲ ಷೋ ಫ್ಲಾಪ್!

ಹುಮ್ಮಸ್ಸಿನಲ್ಲಿ ಮಾಡಿದ ಮೊದಲ ಪ್ರಯತ್ನ ತೋಪಾಯಿತು. ತಪ್ಪು ಪೂರ್ತಿ ನನ್ನದೇ.

ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪ ನಮ್ಮ ರಾಜ್ಯದ್ದೇ ಹೆಮ್ಮೆ. ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿದ ಲಾವಾ ಆರಿ, ಕಂಬ ಜೋಡಿಸಿಟ್ಟ ಹಾಗೆ ನಿಂತ ಕಲ್ಲುಗಳು ಅಲ್ಲಿವೆ. ವಾಸ್ಕೋ ಡ ಗಾಮ ೧೪೯೮ರಲ್ಲಿ ಅಲ್ಲಿ ಇಳಿದಿದ್ದ ಅಂತ ಪ್ರತೀತಿ. ನಾನು ಮಾಡಿದ್ದೇನು ಗೊತ್ತೇ? ಗೆಳೆಯರ ಜೊತೆ ಹೋಗುವ ಹಾಗೇ ಪ್ಲಾನ್ ಮಾಡಿದೆ! ರಾತ್ರಿ ಬಸ್ಸು, ಸಂಪಾಜೆ ಘಾಟಿಯ ತಿರುವುಗಳು, ಅಪ್ಪನಿಗೆ ವಾಂತಿ. ಬೆಳಿಗ್ಗೆ ಉಡುಪಿಯಲ್ಲಿ ಕೃಷ್ಣಮಠದ ಕ್ಯೂ. ನೆತ್ತಿ ಸುಡುವ ಹೊತ್ತಿಗೆ ಮಲ್ಪೆ. ಅಲ್ಲಿ ಅಲುಗಾಡುವ ಬೋಟು ನೋಡಿ ಅಮ್ಮ ಕೈ ಹಿಂದೆಗೆದರು. ೨೦೧೯ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳನ್ನು ಕೊಚ್ಚಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವರು ಅವರು. ನೀರೆಂದರೆ ಅಂದಿನಿಂದ ಭಯ.

“ನೀನು ಹೋಗಿ ಬಾ ಮಗಾ. ನಾವಿಲ್ಲೇ ಕೂತಿರ್ತೇವೆ” ಅಂದರು.

ನಾನು ಹೋದೆ ಸ್ವಾಮಿ! ದ್ವೀಪ ನೋಡಿ, ಸೆಲ್ಫಿ ತೆಗೆದುಕೊಂಡು, ವಾಪಸು ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದೆ. “ಚೆಂದ ಉಂಟು” ಅಂದರು ಅಮ್ಮ. ಅಪ್ಪ ಮಾತಾಡಲಿಲ್ಲ. ದಡದ ಬಿಸಿಲಲ್ಲಿ ಕೂತ ಆ ಇಬ್ಬರ ಮುಖ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ರಿಹರ್ಸಲ್ ಇಲ್ಲದೆ ನಾಟಕವುಂಟೇ?

ಎರಡನೇ ಸಲ ಬುದ್ಧಿ ಬಂತು. ಮೊದಲು ಡಾಕ್ಟರ ಹತ್ತಿರ ಹೋದೆವು. ಪ್ರಯಾಣ ಮಾಡಬಹುದೇ, ವಿಮಾನ ಆಗಬಹುದೇ, ಬೋಟಿನಲ್ಲಿ ತಲೆಸುತ್ತಿದರೆ ಯಾವ ಮಾತ್ರೆ, ಎಲ್ಲ ಕೇಳಿ ಬರೆಸಿಕೊಂಡೆವು. ಆಮೇಲೆ ರಿಹರ್ಸಲ್. ಅದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಕಾವೇರಿಯೇ ಸಾಕು!

ಕುಶಾಲನಗರದ ಹತ್ತಿರದ ನಿಸರ್ಗಧಾಮ ಕಾವೇರಿಯ ನಡುವಿನ ದ್ವೀಪ. ತೂಗುಸೇತುವೆ ದಾಟಿದರೆ ೬೪ ಎಕರೆ ಬಿದಿರು, ತೇಗ, ನೆರಳು. ಸೇತುವೆ ಅಲ್ಲಾಡಿದಾಗ ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದರು. ವಾಪಸು ಬರುವಾಗ ಹಗ್ಗ ಮಾತ್ರ ಹಿಡಿದರು. ಇನ್ನೊಂದು ಭಾನುವಾರ ದುಬಾರೆಗೆ ಹೋಗಿ, ಆನೆ ಶಿಬಿರ ನೋಡಲು ಬೋಟಿನಲ್ಲಿ ಹೊಳೆ ದಾಟಿದೆವು. ಬೋಟಿಗೆ ಯಾವ ಕಾಲು ಮೊದಲು ಇಡಬೇಕು, ಎಲ್ಲಿ ಕೈ ಹಿಡಿಯಬೇಕು, ಅಪ್ಪನಿಗೆ ಎಷ್ಟು ಎತ್ತರದ ಮೆಟ್ಟಿಲು ಆಗುತ್ತದೆ, ಎಲ್ಲ ಅಲ್ಲೇ ಗೊತ್ತಾಯಿತು. ಮಳೆಗಾಲದಲ್ಲಿ ಈ ಎರಡು ಜಾಗದ ಹತ್ತಿರವೂ ಸುಳಿಯಬೇಡಿ, ಹೊಳೆ ತುಂಬಿರುತ್ತದೆ.

ಲೊಕೇಷನ್ ಯಾವುದು?

ಮೂರು ಜಾಗ ಲೆಕ್ಕ ಹಾಕಿದೆವು. ಮಲ್ಪೆ ಹತ್ತಿರ, ಖರ್ಚು ಕಡಿಮೆ. ಆದರೆ ಮಳೆಗಾಲದಲ್ಲಿ ಬೋಟಿಲ್ಲ. ದೊಡ್ಡ ಬೋಟಿನಿಂದ ಸಣ್ಣ ಬೋಟಿಗೆ ಇಳಿಯಬೇಕೇ ಅಂತ ಮೊದಲೇ ಕೇಳಿಕೊಳ್ಳಬೇಕು, ಮಂಡಿನೋವಿನವರಿಗೆ ಅದೇ ಕಷ್ಟ. ದ್ವೀಪ ಆಗದವರಿಗೆ ೨೦೧೮ರಲ್ಲಿ ತೆರೆದ ಮಲ್ಪೆಯ ‘ಸೀ ವಾಕ್’ ಇದೆ. ಸಮುದ್ರದೊಳಕ್ಕೆ ಚಾಚಿದ ಕಾಲುದಾರಿ ಅದು. ಬೋಟು ಹತ್ತದೆಯೇ ಎರಡೂ ಕಡೆ ನೀರು ನೋಡಬಹುದು. ನನಗೆ ಅವತ್ತು ಇದು ಹೊಳೆಯಲೇ ಇಲ್ಲ!

ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಕೊಚ್ಚಿಯಿಂದ ಹಡಗಾದರೆ ರಾತ್ರಿಯೆಲ್ಲ ಪ್ರಯಾಣ. ಅದನ್ನೂ ಬಿಟ್ಟೆವು.

ಉಳಿದದ್ದು ಅಂಡಮಾನ್. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ೨೦೨೪ರಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ. ಚೆನ್ನೈಯಿಂದ ಹಡಗೂ ಉಂಟು, ಆದರೆ ಎರಡು-ಮೂರು ದಿನ ಬೇಕು, ಹಿರಿಯರಿಗೆ ಬೇಡ. ಊರಿನಲ್ಲೇ ಗೋವಿಂದ ವಲ್ಲಭ ಪಂತ್ ಹೆಸರಿನ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ ಅನ್ನುವುದು ನಮಗೆ ಎಲ್ಲಕ್ಕಿಂತ ದೊಡ್ಡ ಧೈರ್ಯ. ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಮಾರ್ಚ್ ತಿಂಗಳಲ್ಲೇ ಅಲ್ಲಿ ಸಮುದ್ರವೂ ಶಾಂತ. ಎರಡೂ ಕೂಡಿ ಬಂತು!

ಕಾಲ್‌ಷೀಟ್ ಮಂಡಿಯದ್ದು, ನಮ್ಮದಲ್ಲ!

ನಮ್ಮ ದೊಡ್ಡ ನಟರ ಕಾಲ್‌ಷೀಟ್ ನೋಡಿಕೊಂಡೇ ನಿರ್ಮಾಪಕ ಶೂಟಿಂಗ್ ಇಡುತ್ತಾನಲ್ಲ, ಹಾಗೇ ಇಲ್ಲಿ ಹೀರೋ ಅಪ್ಪನ ಮಂಡಿ. ನಾವು ಮಾಡಿದ್ದು ಒಂದೇ ಕಾನೂನು: ದಿನಕ್ಕೆ ಒಂದೇ ಜಾಗ. ಮಧ್ಯಾಹ್ನ ಊಟ, ನಿದ್ದೆ, ಅದೇ ಇಂಟರ್ವಲ್.

ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ನೆಂಟರ ಮನೆಯಲ್ಲಿ ಮಲಗಿದೆವು. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿದ್ದೆವು. “ನಾನೇನು ರೋಗಿಯಾ?” ಅಂತ ಅಪ್ಪ ಸಿಡುಕಿದರು. ವಿಮಾನ ನಿಲ್ದಾಣದ ಉದ್ದ ನೋಡಿದ ಮೇಲೆ ಸುಮ್ಮನೆ ಕೂತರು. ಮಾತ್ರೆ, ಡಾಕ್ಟರ ಚೀಟಿ, ಆಧಾರ್ ಎಲ್ಲ ಕೈಚೀಲದಲ್ಲೇ. ದೊಡ್ಡ ಪೆಟ್ಟಿಗೆಯಲ್ಲಿಟ್ಟು ಅದು ಬರುವುದು ತಡವಾದರೆ ಗತಿಯೇನು? ರೂಮು ನೆಲಮಹಡಿಯಲ್ಲೇ ಬೇಕು, ಕಮೋಡ್ ಇರಬೇಕು, ಬಾಗಿಲವರೆಗೆ ಕಾರು ಬರಬೇಕು ಅಂತ ಫೋನಿನಲ್ಲೇ ಮೂರು ಸಲ ಕೇಳಿದ್ದೆವು. ಸಮುದ್ರ ಕಾಣುವ ಮೂರನೇ ಮಹಡಿಗಿಂತ ಮೆಟ್ಟಿಲಿಲ್ಲದ ರೂಮೇ ಮೇಲು!

ಮೊದಲ ದಿನ ಏನೂ ನೋಡಲಿಲ್ಲ, ಬರೀ ವಿಶ್ರಾಂತಿ. ಎರಡನೇ ದಿನ ಬೆಳಿಗ್ಗೆ ಸೆಲ್ಯುಲಾರ್ ಜೈಲು. ೧೮೯೬ರಲ್ಲಿ ಶುರುವಾಗಿ ೧೯೦೬ರಲ್ಲಿ ಮುಗಿದ ಕಟ್ಟಡ. ಏಳು ರೆಕ್ಕೆಗಳಲ್ಲಿ ಈಗ ಉಳಿದಿರುವುದು ಮೂರೇ. ಮೋಹನ್‌ಲಾಲ್ ನಟಿಸಿದ ೧೯೯೬ರ ‘ಕಾಲಾಪಾನಿ’ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಮೇಲಿನ ಮಹಡಿಗಳ ಮೆಟ್ಟಿಲನ್ನು ನಾನೊಬ್ಬನೇ ಹತ್ತಿದೆ. ಅಪ್ಪ-ಅಮ್ಮ ಕೆಳಗಿನ ಕೋಣೆಗಳನ್ನು ನೋಡಿ, ಸಂಜೆ ಮತ್ತೆ ಬಂದು ಕುರ್ಚಿಯಲ್ಲಿ ಕೂತು ಧ್ವನಿ-ಬೆಳಕಿನ ಕಾರ್ಯಕ್ರಮ ನೋಡಿದರು. ಅಪ್ಪ ಆ ರಾತ್ರಿ ತುಂಬ ಹೊತ್ತು ಮಾತಾಡಲಿಲ್ಲ.

ಮೂರನೇ ದಿನ ರಾಸ್ ದ್ವೀಪ. ೨೦೧೮ರಿಂದ ಅದಕ್ಕೆ ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರು. ದಡದಿಂದ ಬೋಟಿನಲ್ಲಿ ಸ್ವಲ್ಪವೇ ಹೊತ್ತು. ದುಬಾರೆಯ ರಿಹರ್ಸಲ್ ಇಲ್ಲಿ ಫಲ ಕೊಟ್ಟಿತು! ಅಮ್ಮ ತಾವೇ ಕಾಲಿಟ್ಟು ಹತ್ತಿ, ಬೋಟಿನ ನಡುಭಾಗದಲ್ಲಿ ಕೂತರು. ಅಲುಗಾಟ ಕಡಿಮೆ ಇರುವ ಜಾಗ ಅದು. ದ್ವೀಪದಲ್ಲಿ ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇದೆ. ಬ್ರಿಟಿಷರ ಬಂಗಲೆಗಳ ಗೋಡೆಯನ್ನು ಮರದ ಬೇರು ಅಪ್ಪಿ ಹಿಡಿದಿದೆ, ನಡುವೆ ಜಿಂಕೆಗಳು. “ಎಷ್ಟು ದರ್ಬಾರು ಮಾಡಿದ್ರೂ ಕೊನೆಗೆ ಬೇರಿಗೇ ಜಾಗ” ಅಂದರು ಅಪ್ಪ. ಡೈಲಾಗ್ ಹೇಗಿದೆ?

ಹಳೇ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂದೆ ತೆಂಗಿನಮರ, ಸಮುದ್ರ, ದೀಪಸ್ತಂಭದ ಚಿತ್ರ ನೆನಪಿದೆಯೇ? ಅದು ಇಲ್ಲಿನ ನಾರ್ತ್ ಬೇ! ಎಷ್ಟೋ ವರ್ಷ ಅಪ್ಪ ತೋಟದಲ್ಲಿ ಆ ನೋಟು ಎಣಿಸಿ ಸಂಬಳ ಹಂಚಿದ್ದಾರೆ. ದ್ವೀಪ ಅವರ ಕೈಯಲ್ಲೇ ಓಡಾಡಿತ್ತು, ಪಾಪ!

ನಾಲ್ಕನೇ ದಿನ ಮತ್ತೆ ವಿಶ್ರಾಂತಿ. ಎಲ್ಲರೂ ಕುಣಿಯುವ ಹ್ಯಾವ್‌ಲಾಕ್‌ಗೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ, ನಾವು ಹೋಗಲಿಲ್ಲ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಹಡಗು, ಪೆಟ್ಟಿಗೆ ಹೊರುವುದು ಬೇರೆ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ? ಆದರೆ ಈ ಸಲ ಸಿನಿಮಾ ನನ್ನದಲ್ಲವಲ್ಲ!

ಕ್ಲೈಮ್ಯಾಕ್ಸ್

ಐದನೇ ದಿನ ಚಿಡಿಯಾ ಟಾಪು, ಸೂರ್ಯಾಸ್ತ ನೋಡುವ ಜಾಗ. ಒಂದು ಗುಟ್ಟು ಹೇಳುತ್ತೇನೆ. ಅಂಡಮಾನ್ ತುಂಬ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಮಾರ್ಚ್‌ನಲ್ಲೂ ಸಂಜೆ ಐದೂವರೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮೂರ ಲೆಕ್ಕ ಹಿಡಿದು ಆರು ಗಂಟೆಗೆ ಹೋದರೆ ‘ಶುಭಂ’ ಮಾತ್ರ ಸಿಗುತ್ತದೆ! ನಾವು ನಾಲ್ಕಕ್ಕೇ ಹೋಗಿ ಕೂತೆವು. ಮನೆಯಿಂದ ಒಯ್ದ ಮಡಿಸುವ ಕುರ್ಚಿ ಎರಡು, ಫ್ಲಾಸ್ಕಿನಲ್ಲಿ ಕಾಫಿ.

ಸೂರ್ಯ ಕೆಳಗಿಳಿದ. ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಪ್ಪ ಅಮ್ಮನ ಕಡೆ ನೋಡದೆಯೇ ಅಂದರು, “ಸ್ವಲ್ಪ ಲೇಟಾಯ್ತು.”

ಅಮ್ಮ ನಕ್ಕರು. “ಸಿನಿಮಾದಲ್ಲಿ ಇದು ಎರಡು ನಿಮಿಷಕ್ಕೆ ಮುಗಿದುಬಿಡ್ತದೆ. ಇಲ್ಲಿ ನಿಧಾನಕ್ಕೆ ಹೋಗ್ತಾ ಉಂಟು, ನೋಡಿ.”

ನಾನು ಫೋಟೋ ತೆಗೆಯಲಿಲ್ಲ. ಮಲ್ಪೆಯಲ್ಲಿ ತೆಗೆದದ್ದೇ ಸಾಕಾಗಿತ್ತು.

ಗೆಳೆಯರೇ, ನೆಚ್ಚಿನ ನಟನ ಹೊಸ ಚಿತ್ರ ಬಂದರೆ ರಾತ್ರಿಯಿಡೀ ಕ್ಯೂ ನಿಂತು ಮೊದಲ ಷೋ ಟಿಕೆಟ್ ಕೀಳುವವರು ನಾವು. ಅಪ್ಪ-ಅಮ್ಮನ ಟಿಕೆಟ್‌ಗೂ ಒಂದು ಸಲ ಹಾಗೇ ನಿಲ್ಲೋಣ. ಅಂಡಮಾನೇ ಆಗಬೇಕೆಂದಿಲ್ಲ, ಜೇಬಿಗೆ ತಕ್ಕ ಹಾಗೆ ನಿಸರ್ಗಧಾಮವೂ ದ್ವೀಪವೇ. ಆದರೆ ಜಾಗ ಗೊತ್ತು ಮಾಡುವ ಮೊದಲು ಅವರ ಮಂಡಿಯನ್ನು ಕೇಳಿ. ಮತ್ತೆ, “ಬರೋ ವರ್ಷ” ಅನ್ನಬೇಡಿ. ಏನಂತೀರಿ?