ಎಕ್ಸ್‌ಟೆನ್ಷನ್ ನಂಬರಿಗೆ ಕಾಲು ಬಂದಾಗ

ಕಚೇರಿಗೆ ಇಂಟರ್‌ನೆಟ್ ಫೋನ್ ಹಾಕಿಸಿ ಎನ್ನುವವರು ಮೊದಲು ತೆಗೆಯುವ ಮಾತು ಬಿಲ್ಲಿನದು. ಎಸ್‌ಟಿಡಿ ಬೂತುಗಳ ಕಾಲದಲ್ಲಾದರೆ ಅದಕ್ಕೆ ತೂಕವಿತ್ತು. ತಿಂಗಳ ರೀಚಾರ್ಜಿನಲ್ಲೇ ದೇಶವಿಡೀ ಮಾತಾಡುವ ಈ ದಿನಗಳಲ್ಲಿ ಅದೇನು ದೊಡ್ಡ ಉಳಿತಾಯ? ವ್ಯವಹಾರಸ್ಥರಿಗೆ ಇದರಿಂದಾಗುವ ಅಸಲಿ ಲಾಭ ಬೇರೆ: ಫೋನ್ ನಂಬರಿಗೂ ತಂತಿಗೂ ಬಿದ್ದಿದ್ದ ಗಂಟು ಬಿಚ್ಚಿಹೋಗುತ್ತದೆ.

ರಿಸೆಪ್ಷನ್ ಹಿಂದಿನ ಗೋಡೆಗೆ ಜಡಿದಿರುತ್ತಿದ್ದ ಇಪಿಎಬಿಎಕ್ಸ್ ಎಂಬ ಕಚೇರಿಯೊಳಗಿನ ಎಕ್ಸ್‌ಚೇಂಜ್ ಪೆಟ್ಟಿಗೆಯಿಂದ ಪ್ರತಿ ಮೇಜಿಗೂ ಒಂದೊಂದು ಜೋಡಿ ತಾಮ್ರದ ತಂತಿ ಹೋಗುತ್ತಿತ್ತು. ಅಕೌಂಟ್ಸ್‌ನವರ ನಂಬರು 214 ಅಂದುಕೊಳ್ಳಿ. ನಿಜಕ್ಕೂ ಅದು ಒಂದು ತಂತಿಯ ತುದಿಗಿಟ್ಟ ಹೆಸರು. ವಿಭಾಗ ಮೇಲಿನ ಮಹಡಿಗೆ ಹೋಯಿತೆಂದರೆ ಸರ್ವೀಸಿನವನು ಬಂದು ತಂತಿ ಬದಲಿಸಬೇಕು. ಇಂಟರ್‌ನೆಟ್ ಫೋನು ಹಾಗೆ ಕಾಯುವುದಿಲ್ಲ. ಆನ್ ಆದೊಡನೆ ‘214 ಈಗ ಈ ವಿಳಾಸದಲ್ಲಿದೆ’ ಎಂದು ತಾನೇ ಸರ್ವರಿಗೆ ಹಾಜರಿ ಹಾಕುತ್ತದೆ, ಗಡುವು ತೀರುವ ಮೊದಲು ಮತ್ತೆ ಹಾಕುತ್ತದೆ. ಈ ಹಾಜರಿಯ ಕಟ್ಟಳೆಗೆ ‘ಸಿಪ್’ ಎಂದು ಹೆಸರು. ಮೊದಲು ಪ್ರಕಟವಾದದ್ದು 1999ರಲ್ಲಿ, ಈಗಿನ ರೂಪ 2002ರದು. ಹಾಗಾಗಿ ಬೆಂಗಳೂರು ಕಚೇರಿಯ 214 ಹುಬ್ಬಳ್ಳಿಯ ಮನೆಯೊಂದರ ಲ್ಯಾಪ್‌ಟಾಪಿನಲ್ಲೂ ರಿಂಗಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಕಾಲ್ ಸೆಂಟರುಗಳು ರಾತ್ರೋರಾತ್ರಿ ಮನೆಮನೆಗೆ ಹಂಚಿಹೋಗಲು ಸಾಧ್ಯವಾದದ್ದು ಇದರಿಂದಲೇ. ದೂರಸಂಪರ್ಕ ಇಲಾಖೆಯೂ ಆಗ ನಿಯಮ ಸಡಿಲಿಸಿತೆನ್ನಿ.

ಎಕ್ಸ್‌ಚೇಂಜ್ ಪೆಟ್ಟಿಗೆ ಬರೀ ಸಾಫ್ಟ್‌ವೇರ್ ಆದದ್ದರ ಹಿಂದೆ ಒಬ್ಬ ಹುಡುಗನ ಬಡತನವೂ ಇದೆ. ಅಮೆರಿಕದ ಅಲಬಾಮಾದಲ್ಲಿ ಪುಟ್ಟ ಲಿನಕ್ಸ್ ಕಂಪನಿ ನಡೆಸುತ್ತಿದ್ದ ಮಾರ್ಕ್ ಸ್ಪೆನ್ಸರ್‌ಗೆ ಆ ಪೆಟ್ಟಿಗೆ ಕೊಳ್ಳುವಷ್ಟು ದುಡ್ಡಿರಲಿಲ್ಲ. 1999ರಲ್ಲಿ ತಾನೇ ಒಂದನ್ನು ಬರೆದು, ‘ಆಸ್ಟೆರಿಸ್ಕ್’ ಎಂದು ಹೆಸರಿಟ್ಟು ಎಲ್ಲರಿಗೂ ಪುಕ್ಕಟೆ ಬಿಟ್ಟ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ದನಿ, ಕರೆಗಳ ಸರದಿ, ರೆಕಾರ್ಡಿಂಗ್ ಇವೆಲ್ಲ ಈಗ ಸಾಧಾರಣ ಕಂಪ್ಯೂಟರೊಂದರ ಕೆಲಸ.

ಇನ್ನು ಮಾತು ಹೋಗುವ ಬಗೆ. ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ತುಣುಕು ಮಾಡಿ ಕಳಿಸುತ್ತಾರೆ. ಅಂದರೆ ಸೆಕೆಂಡಿಗೆ 50 ಪ್ಯಾಕೆಟ್. ಇಮೇಲಿನ ಪ್ಯಾಕೆಟ್ ಕಳೆದರೆ ಮತ್ತೆ ತರಿಸಬಹುದು. ಮಾತಿನ ತುಣುಕು ಕಳೆದರೆ ಮತ್ತೆ ಕೇಳುವುದೇ ಇಲ್ಲ, ತಡವಾಗಿ ಬಂದ ಅಕ್ಷರ ಯಾರಿಗೆ ಬೇಕು? ಹಿಂದಿನ ತುಣುಕನ್ನೇ ಹಿಗ್ಗಿಸಿ ತೇಪೆ ಹಾಕುತ್ತಾರೆ, ಕಳೆದದ್ದು ಒಂದೆರಡಾದರೆ ಕಿವಿಗೆ ಗೊತ್ತಾಗುವುದಿಲ್ಲ. ಡ್ಯಾನಿ ಕೋಹೆನ್ ಮತ್ತು ಸಂಗಡಿಗರು 1974ರಲ್ಲೇ ಇಂಟರ್‌ನೆಟ್ಟಿನ ಪೂರ್ವಜನಾದ ಆರ್ಪಾನೆಟ್ ಮೇಲೆ ಹೀಗೆ ಪ್ಯಾಕೆಟ್ಟುಗಳಲ್ಲಿ ಮಾತು ಸಾಗಿಸಿದ್ದರು.

ದನಿಯನ್ನು ಕುಗ್ಗಿಸುವ ವಿದ್ಯೆಯಲ್ಲಿ ಬೆಂಗಳೂರಿನ ಋಣವೂ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು, ಅಲ್ಲೇ ಕೆಲಕಾಲ ಧ್ವನಿಶಾಸ್ತ್ರ ಕಲಿಸಿ ಬೆಲ್ ಲ್ಯಾಬ್ಸ್ ಸೇರಿದ ಬಿಷ್ಣು ಅಟಲ್, 1985ರಲ್ಲಿ ಸಹೋದ್ಯೋಗಿ ಶ್ರೋಡರ್ ಜೊತೆ ‘ಸೆಲ್ಪ್’ ಎಂಬ ವಿಧಾನ ಕೊಟ್ಟರು. ಅದರ ಸಂತಾನವಾದ ಜಿ.729 ಎಂಬ ವಿಧಾನ ಬಳಸಿದರೆ ಸೆಕೆಂಡಿಗೆ 64 ಕಿಲೋಬಿಟ್‌ನ ಮಾತು 8ಕ್ಕೆ ಇಳಿಯುತ್ತದೆ. ತಮಾಷೆಯೆಂದರೆ ಆಗ ಪ್ರತಿ ಪ್ಯಾಕೆಟ್ಟಿನಲ್ಲಿ ಮಾತು 20 ಬೈಟು, ವಿಳಾಸ ಇತ್ಯಾದಿ 40 ಬೈಟು. ಕಾಗದಕ್ಕಿಂತ ಲಕೋಟೆಯೇ ಭಾರ!

ಕುಗ್ಗಿಸದೆ ಕಳಿಸಿದರೂ, ಲಕೋಟೆಯೂ ಸೇರಿ, ಒಂದು ಕರೆಗೆ ಆಚೀಚೆ ತಲಾ ಸೆಕೆಂಡಿಗೆ 80 ಕಿಲೋಬಿಟ್ ಸಾಕು. ಹತ್ತು ಮಂದಿ ಒಟ್ಟಿಗೆ ಮಾತಾಡಿದರೂ ಒಂದೊಂದು ದಿಕ್ಕಿನಲ್ಲಿ ಒಂದು ಮೆಗಾಬಿಟ್ ದಾಟದು. ಹಾಗಿದ್ದೂ ಮಾತು ಕಡಿಕಡಿದು ಬರುವುದಕ್ಕೆ ಬಹಳ ಸಲ ಕಾರಣ ಪಕ್ಕದ ಮೇಜಿನವರ ದೊಡ್ಡ ಫೈಲ್ ಅಪ್‌ಲೋಡ್. ರೂಟರಿನಲ್ಲಿ ಮಾತಿನ ಪ್ಯಾಕೆಟ್ಟುಗಳಿಗೆ ಮೊದಲ ದಾರಿ ಬಿಡಿಸಿಕೊಳ್ಳಿ.

ಒಂದು ಸುಖ ಮಾತ್ರ ಹೋಯಿತು. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಕರೆಂಟ್ ಹೋದರೂ ಫೋನು ಸಾಯುತ್ತಿರಲಿಲ್ಲ. ಈಗ ರೂಟರ್ ಆರಿದರೆ ಮೇಜಿನ ಮೇಲಿನ ಫೋನೂ ಆರಿತು. ಯುಪಿಎಸ್ ಇರಲೇಬೇಕು. ಜೊತೆಗೆ, ಸರ್ವರ್ ಕಚೇರಿಯಾಚೆಯ ಡೇಟಾ ಸೆಂಟರಿನಲ್ಲಿದ್ದರೆ, 214 ಹಾಜರಿ ಹಾಕದಿದ್ದಾಗ ಕರೆ ಯಾರ ಮೊಬೈಲಿಗೆ ತಿರುಗಬೇಕೆಂದು ಅಲ್ಲಿ ಮೊದಲೇ ನಮೂದಿಸಿಡಿ.