ತೂಗುಮೈಕಿನ ಕೆಳಗಿಂದ ಹೊರಬಂದ ನಾಟಕ

ದಾವಣಗೆರೆ ಸೀಮೆಯ ಕುಕ್ಕುವಾಡದಂಥ ಊರಿನಲ್ಲಿ ರಾತ್ರಿ ನಾಟಕವಿದ್ದರೆ ದಾವಣಗೆರೆಯಿಂದಲೋ ಹರಿಹರದಿಂದಲೋ ಸೌಂಡ್ ಸಿಸ್ಟಂ ಗಾಡಿ ಮಧ್ಯಾಹ್ನವೇ ಬಂದು ನಿಲ್ಲಬೇಕು. ಬಾಕ್ಸು, ಆಂಪ್ಲಿಫೈಯರ್, ವೈರಿನ ಸುರುಳಿಗಳೆಲ್ಲ ಇಳಿದ ಮೇಲೆ ಕೊನೆಗೆ ಎರಡು ಪೆಟ್ಟಿಗೆಗಳು ಜೋಪಾನವಾಗಿ ಇಳಿಯುತ್ತವೆ. ಒಂದರಲ್ಲಿ ಕಾರ್ಡ್‌ಲೆಸ್ ಮೈಕುಗಳು, ಇನ್ನೊಂದರಲ್ಲಿ ಎಲ್ಲ ಮೈಕುಗಳ ಧ್ವನಿಯನ್ನು ಹದಮಾಡಿ ಬೆರೆಸುವ ಡಿಜಿಟಲ್ ಮಿಕ್ಸರ್. ಭದ್ರಾ ನಾಲೆ, ಭತ್ತದ ಗದ್ದೆ, ಸಕ್ಕರೆ ಕಾರ್ಖಾನೆಯ ಈ ಸೀಮೆಯಲ್ಲಿ ನಾಟಕದ ಹುಚ್ಚು ಹಳೆಯದು. ಆ ಹುಚ್ಚಿಗೆ ಈ ಎರಡು ಪೆಟ್ಟಿಗೆಗಳಿಂದ ಆಗಿರುವ ಉಪಕಾರ ದೊಡ್ಡದು. ಅವನ್ನು ಹೊಂದಿಸಿ ಕೊಡುವವರನ್ನು ಮಾತ್ರ ನಾವು ಸರಿಯಾಗಿ ಗುರುತಿಸಿಲ್ಲ.

ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ವೀರಪ್ಪನವರು ಕಟ್ಟಿದ, ಮುಂದೆ ಚಿಂದೋಡಿ ಲೀಲಾ ಅವರು ಮುನ್ನಡೆಸಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುವುದು ಇಂದಿಗೂ ಇದೆ. ವೃತ್ತಿ ರಂಗಭೂಮಿಗೆಂದೇ ಸರ್ಕಾರ ಒಂದು ರಂಗಾಯಣ ಕೊಟ್ಟದ್ದೂ ಈ ಜಿಲ್ಲೆಗೇ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟುವ ಕಂಠವಿದ್ದವರೇ ನಟರು. ಆಮೇಲೆ ರಂಗದ ಮೇಲಿಂದ ತೂಗುಬಿಟ್ಟ ಮೈಕುಗಳು ಬಂದವು. ಗಂಟಲಿಗೆ ಆರಾಮವಾಯಿತು, ಕಾಲಿಗೆ ಕಟ್ಟು ಬಿತ್ತು. ದುರ್ಯೋಧನ ಸಿಟ್ಟಾದರೂ ಮೈಕಿನ ಕೆಳಗೆ ನಿಂತೇ ಸಿಟ್ಟಾಗಬೇಕು. ಮಗನ ಹೆಣದ ಮೇಲೆ ಬಿದ್ದು ಅಳುವ ತಾಯಿಯ ಮಾತು ಮೂರನೆಯ ಸಾಲಿಗೇ ಕೇಳುವುದಿಲ್ಲವಾದ್ದರಿಂದ ಅವಳು ಎದ್ದು ಬಂದು ಅಳಬೇಕು. ಎಷ್ಟೋ ಒಳ್ಳೆಯ ಅಭಿನಯ ಹೀಗೆ ಮೂರು ಮೈಕುಗಳ ನಡುವೆ ಸಿಕ್ಕಿಕೊಂಡಿತ್ತು.

ಈ ಕಟ್ಟು ಬಿಡಿಸಿದ್ದು ನಟರ ಮೈಮೇಲೇ ಇರುವ, ತಂತಿಯಿಲ್ಲದ ಮೈಕು. ಅದು ಹೊಸದೇನಲ್ಲ. ಅಮೆರಿಕದ ಶ್ಯೂರ್ ಕಂಪನಿ 1953ರಲ್ಲೇ ಕಲಾವಿದರಿಗಾಗಿ ಅಂಥದ್ದೊಂದನ್ನು ತಂದಿತ್ತು. ಆದರೆ ಬಾಡಿಗೆ ಸೌಂಡಿನವರ ಕೈಗೆ ಅದು ಎಟುಕಿದ್ದು ಬಹಳ ತಡವಾಗಿ. ಡಿಜಿಟಲ್ ಮಿಕ್ಸರಿನ ಕಥೆಯೂ ಅಷ್ಟೇ: 2012ರಲ್ಲಿ ಬೆಹ್ರಿಂಗರ್‌ನ ಎಕ್ಸ್ 32 ಬಂದ ಮೇಲೆ, ದೊಡ್ಡ ನಗರದ ದೊಡ್ಡ ಕಾರ್ಯಕ್ರಮಗಳಿಗಷ್ಟೇ ಮೀಸಲಾಗಿದ್ದ ಸೌಲಭ್ಯ ಸಣ್ಣ ಊರುಗಳಿಗೂ ಬರತೊಡಗಿತು.

ಸಾಮಾನು ಬಂದ ಮಾತ್ರಕ್ಕೆ ನಾಟಕ ಕೇಳಿಸುವುದಿಲ್ಲ. ಮೊದಲ ಕೆಲಸ ಗಾಳಿಯಲ್ಲಿ ಜಾಗ ಹುಡುಕುವುದು. ಎಲ್ಲ ಮೈಕು ಆಫ್ ಇಟ್ಟು, ಅವುಗಳ ರೇಡಿಯೊ ತರಂಗ ಹಿಡಿಯುವ ರಿಸೀವರ್‌ಗಳನ್ನು ಮಾತ್ರ ಹಾಕಿ ಸ್ಕ್ಯಾನ್ ಮಾಡಿದರೆ ಯಾವ ಫ್ರೀಕ್ವೆನ್ಸಿಯಲ್ಲಿ ಆಗಲೇ ಗದ್ದಲವಿದೆ ಎಂಬುದು ತಿಳಿಯುತ್ತದೆ. ರಂಗದ ಹಿಂದೆ ಎಲ್‌ಇಡಿ ಪರದೆಯಿದ್ದರೆ ಅದನ್ನು ಹಚ್ಚಿಯೇ ನೋಡಬೇಕು, ಏಕೆಂದರೆ ಅದೂ ಗದ್ದಲ ಎಬ್ಬಿಸುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಹಲವು ವೈಫೈ ಮತ್ತು ಬ್ಲೂಟೂತ್ ಓಡಾಡುವ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ಸಂಜೆ ಖಾಲಿ ಮೈದಾನದಲ್ಲಿ ಚೆನ್ನಾಗಿದ್ದ ಮೈಕು ರಾತ್ರಿ ಸಾವಿರ ಫೋನುಗಳು ಬಂದು ಕೂತಾಗ ತಡವರಿಸುವುದು ಇದಕ್ಕೇ.

ಇಲ್ಲಿ ಒಂದು ಲೆಕ್ಕವೂ ಇದೆ. ಮೂರು ಮೈಕುಗಳನ್ನು 600, 600.4, 600.8 ಮೆಗಾಹರ್ಟ್ಸ್‌ಗೆ ಸಮ ಅಂತರದಲ್ಲಿ ಇಟ್ಟರೆ ನೋಡಲು ಅಚ್ಚುಕಟ್ಟು. ಆದರೆ ಎರಡು ತರಂಗಗಳು ಬೆರೆತಾಗ ಬೇಡದ ಮೂರನೆಯದು ಹುಟ್ಟುತ್ತದೆ. 600.4ರ ಇಮ್ಮಡಿಯಲ್ಲಿ 600 ಕಳೆಯಿರಿ, ಉಳಿಯುವುದು 600.8. ಅಂದರೆ ಮೊದಲೆರಡು ಮೈಕುಗಳು ಸೇರಿ ಮೂರನೆಯದರ ಮೇಲೇ ಬೀಳುತ್ತವೆ. ಅದಕ್ಕೇ ಅಂತರಗಳನ್ನು ಬೇಕೆಂದೇ ಏರುಪೇರಾಗಿ ಇಡುತ್ತಾರೆ. ಎಂಟು ಹತ್ತು ಮೈಕುಗಳಾದರೆ ಈ ಲೆಕ್ಕ ತಲೆಯಲ್ಲಿ ನಿಲ್ಲುವಂಥದ್ದಲ್ಲ, ತಯಾರಕರು ಕೊಟ್ಟ ಫ್ರೀಕ್ವೆನ್ಸಿ ಗುಂಪುಗಳಲ್ಲೇ ಆರಿಸಿಕೊಳ್ಳುವುದು ಲೇಸು.

ರಿಸೀವರ್ ರಂಗದ ಪಕ್ಕದಲ್ಲೇ ಇರಬೇಕು. ಮಿಕ್ಸರ್ ಇರುವ ಕಡೆಗೆ ಅದನ್ನೂ ಒಯ್ದರೆ ನಡುವೆ ಕೂತ ಜನರ ಮೈಯೇ ತರಂಗವನ್ನು ಕುಡಿದುಬಿಡುತ್ತದೆ. ಡಿಜಿಟಲ್ ಮಿಕ್ಸರಿನ ದೊಡ್ಡ ಅನುಕೂಲ ಇಲ್ಲಿದೆ. ರಂಗದ ಬದಿಯ ಸ್ಟೇಜ್ ಬಾಕ್ಸಿಗೆ ರಿಸೀವರ್‌ಗಳನ್ನು ಕೊಟ್ಟು, ಅಲ್ಲಿಂದ ಮಿಕ್ಸರಿಗೆ ಒಂದೇ ನೆಟ್‌ವರ್ಕ್ ಕೇಬಲ್ ಎಳೆದರೆ ಸಾಕು. ಹೆಣಭಾರದ ಮಲ್ಟಿಕೋರ್ ಕೇಬಲ್ ಹೊರುವ ಕಷ್ಟ ತಪ್ಪಿತು.

ಇನ್ನು ಗೇನ್, ಅಂದರೆ ಮೈಕಿನಿಂದ ಬಂದ ಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ. ನನ್ನ ಅಭಿಪ್ರಾಯದಲ್ಲಿ ಅರ್ಧ ನಾಟಕಗಳು ಕೆಡುವುದು ಇಲ್ಲೇ. ಸೌಂಡ್ ಚೆಕ್‌ಗೆ ಕರೆದರೆ ನಟರು ಸಂಕೋಚದಿಂದ ‘ಹಲೋ, ಹಲೋ’ ಎಂದು ಮೆಲ್ಲಗೆ ಅಂದು ಹೋಗುತ್ತಾರೆ. ಅದಕ್ಕೆ ಗೇನ್ ಇಟ್ಟರೆ ಭೀಮ ಗದೆ ಎತ್ತಿ ಗರ್ಜಿಸಿದಾಗ ಧ್ವನಿ ಒಡೆದು ಚೂರಾಗುತ್ತದೆ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ಲೇ ಛಾವಣಿ, ಅದಕ್ಕೆ ತಾಗಿ ಒಡೆದದ್ದನ್ನು ಮತ್ತೆ ಕೂಡಿಸಲಾಗದು. ಆದ್ದರಿಂದ ಪಾತ್ರದ ಅತಿ ಎತ್ತರದ ಮಾತನ್ನೇ ಹೇಳಿಸಬೇಕು. ಮೊದಲು ನಟನ ಸೊಂಟದ ಟ್ರಾನ್ಸ್‌ಮೀಟರಿನಲ್ಲಿ ಕೆಂಪು ದೀಪ ಹತ್ತದಂತೆ, ಆಮೇಲೆ ಮಿಕ್ಸರಿನಲ್ಲಿ ಸಾಮಾನ್ಯ ಮಾತು ಮೈನಸ್ 18 ಡೆಸಿಬೆಲ್ ಸುತ್ತ ಆಡುವಂತೆ ಇಟ್ಟರೆ ಗರ್ಜನೆಗೂ ಎಡೆ ಉಳಿಯುತ್ತದೆ. ಸುಮಾರು 100 ಹರ್ಟ್ಸ್ ಕೆಳಗಿನದನ್ನೆಲ್ಲ ಕತ್ತರಿಸಿದರೆ ಗಾಳಿಯ ಗದ್ದಲ, ಜನರೇಟರಿನ ಗುಂಯ್‌ಗುಡುವಿಕೆ ಬಹಳಷ್ಟು ತಗ್ಗುತ್ತದೆ. ಪೌರಾಣಿಕದಲ್ಲಿ ಭ, ಧ, ಘಗಳನ್ನು ಎದೆಯುಬ್ಬಿಸಿ ನುಡಿಯುತ್ತಾರಲ್ಲ, ಆ ಉಸಿರು ಮೈಕಿನ ಮೇಲೆ ನೇರ ಬಡಿಯಬಾರದು. ಹೆಡ್‌ಸೆಟ್ ಮೈಕಿನ ತುದಿಯನ್ನು ಬಾಯಿಯ ಎದುರಿಗಲ್ಲ, ಕೆನ್ನೆಯ ಅಂಚಿಗೆ ಕೂರಿಸುವುದು ಇದಕ್ಕಾಗಿ.

ತೆರೆ ಎದ್ದ ಮೇಲೆ ಕೈ ಧ್ವನಿ ಏರಿಳಿಸುವ ಫೇಡರಿನ ಮೇಲೇ ಇರಬೇಕು. ತೆರೆದ ಮೈಕುಗಳು ಇಮ್ಮಡಿಯಾದಂತೆಲ್ಲ ಸೌಂಡ್ ಸಿಸ್ಟಂ ಕುಯ್ ಎಂದು ಕೂಗುವ ಮಟ್ಟ 3 ಡೆಸಿಬೆಲ್ ಹತ್ತಿರವಾಗುತ್ತದೆ. ರಂಗದಲ್ಲಿ ಇಲ್ಲದವರ ಮೈಕು ಮುಚ್ಚಿರಲೇಬೇಕು. ಡಿಜಿಟಲ್ ಮಿಕ್ಸರಿನಲ್ಲಿ ಪ್ರತಿ ದೃಶ್ಯಕ್ಕೂ ಯಾರ ಮೈಕು ತೆರೆದಿರಬೇಕೆಂದು ಮೊದಲೇ ಉಳಿಸಿಟ್ಟರೆ ಒಂದು ಗುಂಡಿ ಒತ್ತಿದರಾಯಿತು. ಹಾಗಿದ್ದರೂ ನಾಟಕ ಗೊತ್ತಿಲ್ಲದವರಿಂದ ಇದು ಆಗದು. ಅಣ್ಣ ತಮ್ಮನನ್ನು ತಬ್ಬಿಕೊಂಡಾಗ ಒಬ್ಬನ ಮಾತು ಎರಡು ಮೈಕಿಗೂ ಬಿದ್ದು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಆ ಕ್ಷಣಕ್ಕೆ ಒಂದನ್ನು ಇಳಿಸಿ, ಬಿಟ್ಟೊಡನೆ ಏರಿಸಬೇಕಾದರೆ ಮುಂದಿನ ಮಾತು ಯಾರದೆಂಬುದು ಬಾಯಿಪಾಠವಾಗಿರಬೇಕು. ಬೆಳಗಿನವರೆಗಿನ ನಾಟಕಕ್ಕೆ ಸೆಲ್ಲುಗಳನ್ನು ನಡುವೆ ಬದಲಿಸಬೇಕು. ಬೆವರು ಇಳಿಯದಂತೆ ಟ್ರಾನ್ಸ್‌ಮೀಟರಿಗೆ ಚೀಲ ಹೊಲಿಸಿಟ್ಟವರು ಜಾಣರು.

ನಾಟಕ ಸಮಿತಿಯವರಲ್ಲಿ ನನ್ನದೊಂದು ಕೇಳಿಕೆ. ಸೌಂಡಿನವರನ್ನು ರಂಗದ ಪಕ್ಕದ ಮೂಲೆಗೆ ತಳ್ಳಬೇಡಿ. ಜನ ಕೇಳುವುದನ್ನೇ ಅವರೂ ಕೇಳುವಂತೆ ಮೈದಾನದ ನಡುವೆ ಜಾಗ ಬಿಡಿ. ಸಾಧ್ಯವಾದರೆ ಕೊನೆಯ ಪ್ರಾಕ್ಟೀಸಿಗೇ ಕರೆಯಿರಿ. ಬಣ್ಣ ಹಚ್ಚುವ ಮೊದಲು ಪ್ರತಿ ಪಾತ್ರಧಾರಿಯನ್ನೂ ಮೈಕಿನೊಂದಿಗೆ ಒಮ್ಮೆ ರಂಗಕ್ಕೆ ಹತ್ತಿಸಿ. ಕರಪತ್ರದಲ್ಲಿ ಹಾರ್ಮೋನಿಯಂ ಮಾಸ್ತರರ, ತಬಲಾದವರ ಹೆಸರಿನ ಕೆಳಗೆ ಮಿಕ್ಸರ್ ಮುಂದೆ ಕೂರುವವರ ಹೆಸರನ್ನೂ ಅಚ್ಚು ಹಾಕಿಸಿ.